ಅಂಗಳದ ಸ್ವರ

ಬೆಳ್ತಂಗಡಿ ಕೋರ್ಟಿನ ಬಾಗಿಲಲ್ಲಿ ನಿಂತು ಕಕ್ಷಿಗಾರರ ಹೆಸರು ಕೂಗುವುದು ಜವಾನ ಜತ್ತಪ್ಪನ ಕೆಲಸ. ಮೂರು ಸಲ ಕೂಗಿದರೂ ವಾದಿ ಒಳಗೆ ಬಾರದಿದ್ದರೆ ದಾವಾ ವಜಾ.

ಆ ಸೋಮವಾರ ಪಟ್ಟಿಯಲ್ಲಿ ತ್ಯಾಂಪಣ್ಣ ಶೆಟ್ಟಿಯ ಹೆಸರು ಕಂಡದ್ದೇ ತಡ, ಜತ್ತಪ್ಪನ ಹದಿನೈದು ವರ್ಷದ ಕಿಚ್ಚು ಭುಗಿಲೆದ್ದಿತು. ಹಿಂದೆ ಊರಿನ ಗ್ರಾಮ ಕೋರ್ಟಿಗೆ ಶೆಟ್ಟಿಯೇ ಅಧ್ಯಕ್ಷ, ಅವನ ಮನೆಯ ಚಾವಡಿಯೇ ಕೋರ್ಟು. ಯಾರೋ ಕಿತ್ತುಕೊಂಡ ಹಿತ್ತಿಲಿಗಾಗಿ ದೂರು ಕೊಟ್ಟಿದ್ದ ಜತ್ತಪ್ಪನ ತಾಯಿ ಬಾಗಿಗೆ, ಕೆಳಜಾತಿಯವಳೆಂದು, ಆ ಚಾವಡಿ ಹತ್ತುವ ಹಕ್ಕಿರಲಿಲ್ಲ. ಹೆಸರು ಕೂಗಿದಾಗ ಅವಳು ಅಂಗಳದಿಂದಲೇ, "ಇದ್ದೇನೆ ಧಣೀ!" ಎಂದು ಗಂಟಲು ಹರಿಯುವಂತೆ ಕೂಗಿದ್ದಳು. "ಅಂಗಳದ ಸ್ವರ ಕೋರ್ಟಿಗೆ ಕೇಳುವುದಿಲ್ಲ" ಎಂದು ನಕ್ಕ ಶೆಟ್ಟಿ ದೂರನ್ನು ವಜಾ ಮಾಡಿದ್ದ. ಹಿತ್ತಿಲು ಕೈಸೇರದೆಯೇ ಅವಳು ಸತ್ತಳು.

ಈಗ ಅದೇ ಶೆಟ್ಟಿ ಗದ್ದೆಯ ದಾವಾ ಹೂಡಿ, ಕೋರ್ಟಿನ ಅಂಗಳದ ಮಾವಿನ ನೆರಳಲ್ಲಿ ಕಾರಿನೊಳಗೆ ಕುಳಿತು ವೀಳ್ಯ ಜಗಿಯುತ್ತಿದ್ದ. ವಕೀಲರನ್ನೂ ಇಟ್ಟಿರಲಿಲ್ಲ. ಜವಾನ ಕಾರಿನ ಬಳಿ ಬಂದು ಕೈಮುಗಿದು ಕರೆಯಲಿ ಎಂಬ ಠೇಂಕಾರ.

ಜತ್ತಪ್ಪ ಒಂದು ಮೆಟ್ಟಿಲೂ ಇಳಿಯಲಿಲ್ಲ. ಪೇಟೆಗೆಲ್ಲ ಕೇಳುವಂತೆ ಮೂರು ಸಲ ಹೆಸರು ಕೂಗಿದ.

"ಇಲ್ಲೇ ಇದ್ದೇನಲ್ಲ ಮಾರಾಯ, ಇಲ್ಲಿಗೆ ಬಾ!" ಎಂದು ಶೆಟ್ಟಿ ಕಾರಿನಿಂದಲೇ ಗದರಿದ.

ಜತ್ತಪ್ಪ ಒಳಗೆ ನ್ಯಾಯಾಧೀಶರತ್ತ ತಿರುಗಿ, "ಮೂರು ಸಲ ಕೂಗಿದೆ, ವಾದಿ ಒಳಗೆ ಬರಲಿಲ್ಲ ಸ್ವಾಮಿ" ಎಂದ. ದಾವಾ ವಜಾ ಆಯಿತು.

ಸುದ್ದಿ ಕೇಳಿ ಶೆಟ್ಟಿ ಏದುಸಿರು ಬಿಡುತ್ತಾ ಓಡಿಬಂದ. "ನಾನು ಹೇಳಿದ್ದು ನಿನಗೆ ಕೇಳಲಿಲ್ವಾ?"

"ನಾನು ಬಾಗಿಯ ಮಗ" ಎಂದ ಜತ್ತಪ್ಪ. "ಅಂಗಳದ ಸ್ವರ ಕೋರ್ಟಿಗೆ ಕೇಳುವುದಿಲ್ಲ, ಧಣಿ."