ಹಸಿ ಸೌದೆ

ಸಾಲು ಮತ್ತೆ ಮಾಯ. ಭೀಮಾಬಾಯಿ ಕನ್ನಡಕ ಒರೆಸ್ಕೊಂಡು ಇನ್ನೊಂದ್ಸಲ ಫೋನ್ ನೋಡಿದ್ರು. ಇಂಟರ್ನೆಟ್ಟಿನ ವಿಶ್ವಕೋಶದಲ್ಲಿ ಇಥಿಯೋಪಿಯಾದ ಕಮ್ಯುನಿಸ್ಟ್ ಮಿಲಿಟರಿ ಆಡಳಿತದ ಮೇಲೆ ಒಂದು ಕನ್ನಡ ಪುಟ. ಭೂಸುಧಾರಣೆ ಇತ್ತು, ಸಾಕ್ಷರತಾ ಆಂದೋಲನ ಇತ್ತು, ಹೊಲದಲ್ಲಿ ನಗ್ತಾ ನಿಂತ ರೈತರ ಫೋಟೋನೂ ಇತ್ತು. ಬೀದಿಲಿ ಕೊಂದು ಬಿಸಾಕಿದ ಹುಡುಗರ ಪಾಲಿಗೆ ಮಾತ್ರ "ಕೆಲವು ಅತಿರೇಕಗಳು ನಡೆದವು" ಅನ್ನೋ ಅರ್ಧ ಸಾಲು. ಅದರ ಕೆಳಗೆ ಭೀಮಾಬಾಯಿ ಒಂದೊಂದೇ ಅಕ್ಷರ ಒತ್ತಿ ಸೇರಿಸಿದ್ದು ಇಷ್ಟೇ: ಮಕ್ಕಳ ಹೆಣದ ಮುಂದೆ ತಾಯಂದಿರು ಅಳುವ ಹಾಗಿರಲಿಲ್ಲ. ಅದನ್ನ ಕಿತ್ತಾಕಿ ಟಿಪ್ಪಣಿ ಬರೆದಿದ್ದ ಪುಣ್ಯಾತ್ಮ: "ಆಧಾರವಿಲ್ಲ. ವೈಯಕ್ತಿಕ ನೆನಪು." ಹಿಂದೊಮ್ಮೆ ಇಂಗ್ಲಿಷ್ ಪುಸ್ತಕದ ಹೆಸರು ಕೊಟ್ಟು ನೋಡಿದ್ರು. "ಅಮೆರಿಕದ ಪ್ರಚಾರ" ಅಂತ ಅದೂ ಹೋಗಿತ್ತು.

ಕಿತ್ತಾಕಿದೋನು ಯಾರು ಅಂತ ಹುಡುಕಬೇಕಾಗಿರಲಿಲ್ಲ, ಸ್ವಂತ ಹೆಸರಲ್ಲೇ ಮಾಡ್ತಿದ್ದ. ಪೋರೂರಿನ ಮುರಳೀಧರ. ಬ್ಯಾಂಕ್ ಯೂನಿಯನ್ನಲ್ಲಿ ಮೈಕ್ ಹಿಡಿದೂ ಹಿಡಿದೂ ರಿಟೈರ್ ಆದೋನು. ಕನ್ನಡ ಸಂಘದ ಸ್ಮರಣ ಸಂಚಿಕೆಗೆ ವರ್ಷಾವರ್ಷ ಅವನೇ ಸಂಪಾದಕ. ವಿಶ್ವಕೋಶಕ್ಕೂ ಈಗ ಅವನೇ ಕಾವಲು. ಭೀಮಾಬಾಯಿಗಿಂತ ಏಳೆಂಟು ವರ್ಷ ಚಿಕ್ಕೋನು, ಅಕ್ಕ ಅಕ್ಕ ಅಂತ ಕರೆಯೋನು.

ಅಣ್ಣಾ ನಗರದಲ್ಲಿ ಸಂಘದ ಮೀಟಿಂಗ್ ಮುಗಿದು ಕಾಫಿ ಬಂದಾಗ ಭೀಮಾಬಾಯಿ ಎಲ್ಲರ ಎದುರಿಗೇ ಕೇಳಿದ್ರು. ಗಂಡ ವೆಂಕಟೇಶರ ಜೊತೆ ಆ ಕಾಲದಲ್ಲಿ ಇಥಿಯೋಪಿಯಾದ ಗೊಂಡರ್ ಅನ್ನೋ ಊರಲ್ಲಿ ತಾನೂ ಟೀಚರಾಗಿದ್ದು ಸುಳ್ಳಾ, ಕಣ್ಣಾರೆ ಕಂಡಿದ್ದಕ್ಕಿಂತ ಆಧಾರ ಇನ್ನೇನು ಬೇಕು ಅಂತ. ಮುರಳಿ ನಕ್ಕ.

"ಭೀಮಕ್ಕಾ, ನೀವು ಕಂಡಿರಬಹುದು, ಯಾರು ಇಲ್ಲ ಅಂದ್ರು? ಎಲ್ಲಾದ್ರೂ ಅಚ್ಚಾಗಿರಬೇಕಲ್ಲ. ಚರಿತ್ರೆ ನಮಗೆ ಬಿಡಿ. ನೀವು ಸುಮ್ಮಾ ಸಂಚಿಕೆಗೆ ಒಂದು ಅಡುಗೆ ಬರ್ಕೊಡಿ."

ಕಾಫಿ ಲೋಟ ಹಿಡಿದಿದ್ದೋರೆಲ್ಲ ನಕ್ಕರು. ಭೀಮಾಬಾಯಿನೂ ನಕ್ಕರು. ಆ ನಗುನ ಯಾರಾದ್ರೂ ಸರಿಯಾಗಿ ನೋಡಿದ್ದಿದ್ರೆ ಕಾಫಿ ಗಂಟಲಲ್ಲಿ ಇಳೀತಿರಲಿಲ್ಲ.

"ಬರ್ಕೊಡ್ತೀನಪ್ಪಾ. ಆದ್ರೆ ಒಂದಕ್ಷರ ಬದಲಾಯಿಸ್ಬಾರ್ದು."

"ಮುಟ್ಟೋದೇ ಇಲ್ಲ."

ಭೀಮಾಬಾಯಿ ಆಗಲೇ ಒಂದು ವಿಷಯ ನೋಡಿಟ್ಕೊಂಡಿದ್ರು. ಮುರಳಿಯ ಅಪ್ಪ ಸತ್ಯಾತ್ಮರಾಯರ ಮೇಲೆ ಅದೇ ವಿಶ್ವಕೋಶದಲ್ಲಿ ಒಂದು ಪುಟ ಇತ್ತು. ಬಂದರಿನ ಕೂಲಿಗಳನ್ನ ಸೇರಿಸಿ ಸ್ಟ್ರೈಕ್ ಮಾಡಿಸಿ ಜೈಲಿಗೆ ಹೋಗಿದ್ದ ದೊಡ್ಡ ಮನುಷ್ಯ. ಅವರ ಬಗ್ಗೆ ಬೇರೆ ಎಲ್ಲೂ ಯಾರೂ ಬರೆದಿಲ್ಲ. ಪುಟಕ್ಕಿದ್ದ ಒಂದೇ ಒಂದು ಆಧಾರ ಸಂಘದ ಸ್ಮರಣ ಸಂಚಿಕೆ. ಇದ್ಯಾವ ಸೀಮೆ ಆಧಾರ ಅಂತ ಯಾರೋ ತಗಾದೆ ತೆಗೆದಾಗ, ಸಂಚಿಕೆಯ ಪ್ರತಿ ಅಕ್ಷರನೂ ಸಂಪಾದಕರು ಪರಿಶೀಲಿಸಿದ್ದು, ನಂಬಲರ್ಹ, ಅಂತ ಮುರಳಿ ಉದ್ದುದ್ದ ವಾದ ಮಾಡಿ ಗೆದ್ದಿದ್ದ. ವಾದ ಇನ್ನೂ ಅಲ್ಲೇ ಇತ್ತು, ಯಾರು ಬೇಕಾದ್ರೂ ಓದೋ ಹಾಗೆ.

ಇಂಜೆರಾ ಅಂದ್ರೆ ಆ ದೇಶದ ಹುಳಿ ದೋಸೆ. ಭೀಮಾಬಾಯಿ ಅದನ್ನೇ ಬರೆದ್ರು. ಟೆಫ್ ಅನ್ನೋ ಕಾಳಿಲ್ಲದಿದ್ರೆ ರಾಗಿ ಆದೀತು, ಹಿಟ್ಟು ಚೆನ್ನಾಗಿ ಹುಳಿ ಬರಬೇಕು, ಮಗುಚಿ ಹಾಕಬಾರದು. ಆಮೇಲೆ ಬರೆದ್ರು: "ಒಲೆಗೆ ಹಸಿ ನೀಲಗಿರಿ ಸೌದೆ ಹಾಕಿ. ನಮ್ಮ ಮನೆಯೊಡತಿ ಯೆಶಿ ಹಸೀದನ್ನೇ ಹಾಕುತ್ತಿದ್ದಳು. ಅವಳ ಮಗ ಬೆಲೆಟೆ ನನ್ನ ಕ್ಲಾಸಿನವನು. ಸೈನಿಕರು ಅವನನ್ನು ಸ್ಕೂಲ್ ಗೇಟಿನ ಮುಂದೆ ಕೊಂದರು. ಅತ್ತವರೂ ಕ್ರಾಂತಿಯ ಶತ್ರುಗಳು ಅಂತ ಮನೆಗೆ ಬಂದು ಹೇಳಿ ಹೋದರು. ಅವತ್ತಿಂದ ಯೆಶಿ ಒಣ ಸೌದೆ ಮುಟ್ಟಲಿಲ್ಲ. ಹೊಗೆಗೆ ಕಣ್ಣಲ್ಲಿ ನೀರು ಬಂದರೆ ಯಾರೂ ಕೇಳುವ ಹಾಗಿಲ್ಲ."

ಒಂದು ದಿನವಾದ್ರೂ ಒಲೆ ಊದಿದ ಯಾರೇ ಆಗಿದ್ರೂ ಹಸಿ ಸೌದೆ ಅಂದ ತಕ್ಷಣ ನಿಲ್ತಿದ್ರು. ಮುರಳಿ ತನ್ನ ಜನ್ಮದಲ್ಲಿ ಅಡುಗೆ ಅಂಕಣ ಓದಿದೋನಲ್ಲ. ಒಂದು ಪುಟಕ್ಕೆ ಸರಿಯಾಗಿ ಕೂರತ್ತೆ ಅಂತ ನೋಡಿದ, ಮೂಲೇಲಿ ಒಂದು ಚಟ್ನಿ ಬಟ್ಟಲಿನ ಚಿತ್ರ ಹಾಕಿಸಿದ, ಅಚ್ಚಿಗೆ ಕಳಿಸಿದ.

ರಾಜ್ಯೋತ್ಸವದ ದಿನ ಸಂಚಿಕೆ ಕೈಗೆ ಬಂತು. ಮಾರನೇ ದಿನ ಭೀಮಾಬಾಯಿ ಕಿತ್ತಾಕಿದ್ದ ಸಾಲನ್ನ ಮತ್ತೆ ಸೇರಿಸಿದ್ರು, ಈ ಸಲ ಬೆಲೆಟೆ ಹೆಸರೂ ಹಾಕಿ. ಆಧಾರ: ಸ್ಮರಣ ಸಂಚಿಕೆ, ಸಂಪಾದಕ ಮುರಳೀಧರ. ಚರ್ಚೆಯ ಜಾಗದಲ್ಲಿ ಅವನದೇ ಹಳೇ ವಾದವನ್ನ ಅಕ್ಷರ ತಪ್ಪದೆ ಅಂಟಿಸಿದ್ರು.

ಸಂಜೆಗೆ ಮುರಳಿ ಬೆಸೆಂಟ್ ನಗರದ ಅವರ ಫ್ಲ್ಯಾಟಿಗೆ ಬಂದ. ಬೆವೆತಿದ್ದ. ಚಪ್ಪಲಿ ಬಿಡುವಾಗಲೇ ಶುರುಮಾಡಿದ.

"ಇದು ಮೋಸ, ಅಕ್ಕ. ಅಡುಗೆ ಅಂಕಣ ಆಧಾರ ಆಗಲ್ಲ."

"ಹಾಗಂತ ಬರಿ. ಸಂಚಿಕೆ ನಂಬೋ ಹಾಗಿಲ್ಲ, ಸಂಪಾದಕ ಓದದೇ ಅಚ್ಚು ಹಾಕ್ತಾನೆ, ಅಂತ ಬರಿ. ಬೆಲೆಟೆ ಹೋಗ್ತಾನೆ. ಹಿಂದೇನೇ ನಿಮ್ಮಪ್ಪನೂ ಹೋಗ್ತಾರೆ."

ಅವನು ಸೋಫಾ ಮೇಲೆ ಕುಸಿದು ಕೂತ. ಆ ಸರ್ಕಾರ ಉಳೋನಿಗೆ ನೆಲ ಕೊಟ್ಟಿದ್ದನ್ನ ನೀವೂ ಕಂಡಿದ್ದೀರಲ್ಲಾ ಅಂದ.

"ಕಂಡಿದೀನಿ. ಯೆಶಿ ತಮ್ಮನಿಗೇ ಸಿಕ್ತು. ನಾನು ಆ ಸಾಲು ಅಳಿಸಿದ್ನಾ?"

ಮುರಳಿ ಸಣ್ಣ ದನಿಲಿ, "ಅಪ್ಪ ಯಾರನ್ನೂ ಕೊಂದೋರಲ್ಲ, ಅಕ್ಕ" ಅಂದ.

"ಬೆಲೆಟೆನೂ ಕೊಂದಿರಲಿಲ್ಲ."

ಅಷ್ಟು ಹೇಳಿ ಭೀಮಾಬಾಯಿ ಅಡುಗೆಮನೆಗೆ ಹೋದ್ರು. ಅವನು ಬರ್ತಾನೆ ಅಂತ ಗೊತ್ತಿತ್ತು, ಹಿಟ್ಟು ಹುಳಿ ಬಂದು ಕಾಯ್ತಾ ಇತ್ತು. ಗ್ಯಾಸ್ ಹಚ್ಚಿ ಕಾವಲಿ ಇಟ್ಟರು. ಅವನ ಹೆಬ್ಬೆರಳು ಫೋನಿನ ಮೇಲೇ ಇದೆ ಅಂತ ತಿರುಗಿ ನೋಡದೇನೇ ಗೊತ್ತಿತ್ತು.

"ಅಳಿಸೋದಾದ್ರೆ ಅಳಿಸು. ಮೊದಲು ಆ ಸಾಲು ಜೋರಾಗಿ ಓದು, ನಂಗೆ ಕೇಳಲಿ."

ಮೈಕ್ ಹಿಡಿದು ಪಳಗಿದ್ದ ಗಂಟಲಿನಿಂದ ಆ ಹುಡುಗನ ಹೆಸರು ಹರಕು ಮುರುಕಾಗಿ ಹೊರಗೆ ಬಂತು.

"ಕೇಳಿಸ್ಲಿಲ್ಲ. ಇನ್ನೊಂದ್ಸಲ."

"ಬೆಲೆಟೆ," ಅಂದ ಮುರಳಿ. ಫೋನನ್ನ ಟೀಪಾಯಿ ಮೇಲೆ ಬೋರಲು ಇಟ್ಟ ಸದ್ದಾಯ್ತು.

ಭೀಮಾಬಾಯಿ ಒಂದು ಸೌಟು ಹಿಟ್ಟು ಹುಯ್ದು ಮುಚ್ಚಳ ಹಾಕದೇ ನಿಂತ್ಕೊಂಡ್ರು. ಹೊಗೆ ಇರಲಿಲ್ಲ. ಕಾವಲಿ ಮೇಲೆ ಹಿಟ್ಟು ಅಂಚಿನಿಂದ ಶುರುಮಾಡಿ ನಡುವಿನ ತನಕ ಒಂದೊಂದೇ ಕಣ್ಣು ಬಿಡ್ತಾ ಇತ್ತು.