ಭಾನುವಾರದ ಬೆರಳುಗಳು

ಮನೆಯಲ್ಲಿ ಹುಲಿ, ಕಾಂತೇಶನ ಕೋಣೆಯಲ್ಲಿ ಇಲಿ. ವಿಜಯನ ಗಿಟಾರಿನ ಕತೆ ಮೂರು ಭಾನುವಾರಗಳಿಂದ ಹೀಗೇ ಆಗಿತ್ತು. ಯಾಕೆ ಹೀಗೆ ಎಂದು ಯೋಚಿಸಿ ಯೋಚಿಸಿ ಅವನ ತಲೆ ಕೆಟ್ಟು ಕೆರ ಹಿಡಿದಿತ್ತು.

ಕಾಂತೇಶನದು ನರಸಿಂಹರಾಜಪುರದಲ್ಲಿ ಮೈಕ್‌ಸೆಟ್ ಅಂಗಡಿ, ಜೊತೆಗೊಂದು ಆರ್ಕೆಸ್ಟ್ರಾ. ಹಳೆಯ ಗಿಟಾರಿನವನು ಊರು ಬಿಟ್ಟ ಮೇಲೆ ಎಲೆಕ್ಟ್ರಿಕ್ ಗಿಟಾರನ್ನೂ ಪುಟ್ಟದೊಂದು ಆಂಪ್ಲಿಫೈಯರನ್ನೂ ವಿಜಯನ ಕೈಗೆ ಕೊಟ್ಟು ಐದು ತಿಂಗಳಾಗಿತ್ತು. ಕೊಪ್ಪದ ಕಾರ್ಯಕ್ರಮದಲ್ಲಿ ಒಂದು ಹಾಡಿನ ನಡುವೆ ಅರ್ಧ ನಿಮಿಷ ಗಿಟಾರ್ ಒಂದೇ ನುಡಿಯಬೇಕು, ಅದೂ ಟ್ಯಾಪಿಂಗ್‌ನಲ್ಲಿ. ಅದರಲ್ಲಿ ತಂತಿ ಮೀಟುವ ಮಾತೇ ಇಲ್ಲ. ಎರಡೂ ಕೈಗಳ ಬೆರಳಿನಿಂದ ತಂತಿಯನ್ನು ಬಡಿದು ಎಳೆದು ಬಿಡುತ್ತ ಹೋಗಬೇಕು. ಪಕ್ಕದ ತಂತಿ ಗುಂಯ್ ಎಂದಿತೋ, ಕೆಟ್ಟಿತು.

"ಕ್ಲೀನಾಗಿ ಬಂದ್ರೆ ಸ್ಟೇಜಲ್ಲಿ ಮುಂದೆ ನೀನು. ಇಲ್ದಿದ್ರೆ ಶಶಿಕಿರಣ ಕೀಬೋರ್ಡಲ್ಲೇ ನುಡಿಸ್ತಾನೆ ಮಾರಾಯ," ಎಂದಿದ್ದ ಕಾಂತೇಶ. ಹುಟ್ಟಿದಾಗಿನಿಂದ ಯಾವುದರಲ್ಲೂ ಮುಂದೆ ನಿಂತು ಗೊತ್ತಿಲ್ಲದ ವಿಜಯನಿಗೆ ಆ ಅರ್ಧ ನಿಮಿಷ ಬೇಕೇ ಬೇಕಿತ್ತು.

ವಿಜಯ ರಬ್ಬರ್ ತೋಟದ ಕೂಲಿ. ಬೆಳಗಿನ ಜಾವ ಮರದ ತೊಗಟೆ ಕೆತ್ತಿ ಬರಬೇಕು, ಆಮೇಲೆ ಮರಕ್ಕೆ ಕಟ್ಟಿದ ಚಿಪ್ಪುಗಳಲ್ಲಿ ತುಂಬಿದ ಹಾಲನ್ನು ಬೆರಳಿನಿಂದ ಬಳಿದು ಬಕೆಟಿಗೆ ಸುರಿಯಬೇಕು. ಆ ವರ್ಷ ಲೋಡ್‌ಶೆಡ್ಡಿಂಗ್ ಬೇರೆ. ಕೂಲಿಯವರ ಲೈನ್‌ಮನೆಗಳಿಗೆ ಹಗಲು ಕರೆಂಟ್ ಬರುವುದು ಹನ್ನೆರಡರಿಂದ ಎರಡರವರೆಗೆ ಮಾತ್ರ. ಅದಕ್ಕೇ ತೋಟದಿಂದ ಓಡಿ ಬಂದವನು ನಿಂತ ಕಾಲಲ್ಲೇ ಗಿಟಾರ್ ಹಿಡಿಯುತ್ತಿದ್ದ. ಸ್ನಾನ, ಊಟ ಎಲ್ಲ ಕರೆಂಟ್ ಹೋದ ಮೇಲೆ. ಆ ಎರಡು ಗಂಟೆ ನುಡಿಸಿದ್ದರಲ್ಲಿ ಹುಡುಕಿದರೂ ತಪ್ಪು ಸಿಗುತ್ತಿರಲಿಲ್ಲ.

ಭಾನುವಾರ ತೋಟಕ್ಕೆ ರಜೆ, ಕಾಂತೇಶನ ಅಂಗಡಿಯ ಕೋಣೆಯಲ್ಲಿ ಆರ್ಕೆಸ್ಟ್ರಾದ ಅಭ್ಯಾಸ. ದೊಡ್ಡವರ ಅಂಗಡಿಗೆ ಹೋಗುವ ಮಗನ ಮೈಯಲ್ಲಿ ರಬ್ಬರಿನ ನಾತ ಇರಬಾರದೆಂದು ತಾಯಿ ಭೈರಮ್ಮ ಸೀಮೆಎಣ್ಣೆ, ಸೋಪು ಕೊಟ್ಟು ಕೈ ತಿಕ್ಕಿಸಿ, ಇಸ್ತ್ರಿ ಅಂಗಿ ಹಾಕಿಸಿ ಕಳಿಸುತ್ತಿದ್ದಳು. ಅಲ್ಲಿ ಅದೇ ಗಿಟಾರ್, ಅದೇ ಬೆರಳು. ನುಡಿಸಿದರೆ ಒಂದು ಸ್ವರದ ಹಿಂದೆ ನಾಲ್ಕು ತಂತಿಗಳ ಗಲಾಟೆ!

ಕಾಂತೇಶನ ಆಂಪ್ಲಿಫೈಯರ್ ಸರಿಯಿಲ್ಲವೇನೋ ಎಂದು ಮೂರನೆಯ ಭಾನುವಾರ ತನ್ನದನ್ನೇ ಬಸ್ಸಿನಲ್ಲಿ ಹೊತ್ತೊಯ್ದ. "ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದ್ಲಂತೆ," ಎಂದು ಕಾಂತೇಶ ನಕ್ಕ. ಗಲಾಟೆ ಹಾಗೇ ಇತ್ತು. ಅಂಗಿಯ ತೋಳು ತಾಗುತ್ತದೆಯೇ ಎಂದು ಸೋಮವಾರ ಮಧ್ಯಾಹ್ನ ಇಸ್ತ್ರಿ ಅಂಗಿ ತೊಟ್ಟೇ ಮನೆಯಲ್ಲಿ ನುಡಿಸಿದ. ಒಂದು ಕೊಂಕಿಲ್ಲ. ಅಂಗಿಗೆ ಕಲೆಯಾದದ್ದಕ್ಕೆ ಭೈರಮ್ಮನಿಂದ ಬೈಗುಳ ಸಿಕ್ಕಿದ್ದಷ್ಟೇ ಲಾಭ. ಯಾರದಾದರೂ ಕಣ್ಣು ಬಿದ್ದಿದೆಯೇ, ತನಗೇ ಭ್ರಮೆಯೇ, ಒಂದೂ ತಿಳಿಯದೆ ಒದ್ದಾಡಿದ.

ಬುಧವಾರ ಮಧ್ಯಾಹ್ನ ಕಾಂತೇಶನ ಬೈಕು ಲೈನ್‌ಮನೆಯ ಮುಂದೆ ನಿಂತಿತು. "ಗಿಟಾರ್ ಕೊಡು ಮಾರಾಯ. ನಂಗೂ ಬೇಜಾರೇ. ಆದ್ರೆ ಭಾನುವಾರವೇ ಕಾರ್ಯಕ್ರಮ."

"ಒಂದೇ ಒಂದು ಸಲ ಕೇಳಿ ಕಾಂತೇಶಣ್ಣ. ಈಗ ಕರೆಂಟ್ ಐತೆ," ಎಂದವನೇ ವಿಜಯ ಬಾಗಿಲಲ್ಲೇ ಕೂತು ನುಡಿಸಿದ. ಅರ್ಧ ನಿಮಿಷ ಪೂರ್ತಿ, ಸ್ವರಗಳು ಬಿಡಿಬಿಡಿಯಾಗಿ ಬಂದವು.

ಕಾಂತೇಶ ಬಾಯಿ ತೆರೆದುಕೊಂಡು ನಿಂತ. "ಮೂರು ವಾರ ನನ್ನ ಮಂಗ ಮಾಡಿದ್ಯೇನಾ? ಆಯ್ತು, ಕೊಪ್ಪಕ್ಕೆ ನೀನೇ!"

ವಿಜಯನಿಗೆ ಕುಣಿಯುವಷ್ಟು ಖುಷಿಯಾಯಿತು. ಒಳಗಿನಿಂದ ಭೈರಮ್ಮ ಕಾಫಿ ಲೋಟ ತಂದಳು. "ಕೈ ತೊಳ್ಕಂಡು ಅಯ್ಯೋರಿಗೆ ಕೊಡಾ. ಆ ನಾತದ ಕೈಲಿ ಲೋಟ ಮುಟ್ಬ್ಯಾಡ," ಎಂದವಳು ಕತ್ತಿ, ಹಗ್ಗ ಹಿಡಿದು ಸೌದೆಗೆ ಹೋದಳು. ವಿಜಯ ಚೆನ್ನಾಗಿ ತಿಕ್ಕಿ ತೊಳೆದು ಕಾಫಿ ಕೊಟ್ಟ.

ಕಾಫಿ ಮುಗಿಸಿ ಕಾಂತೇಶ, "ಇನ್ನೊಂದ್ಸಲ ನುಡ್ಸು," ಎಂದ. ನುಡಿಸಿದರೆ, ಭಾನುವಾರದ ಗಲಾಟೆ!

ಇಬ್ಬರೂ ಮುಖ ಮುಖ ನೋಡಿಕೊಂಡರು. ಬಚ್ಚಲಿನ ಕಲ್ಲಿನ ಮೇಲೆ, ಬೆರಳಿನಿಂದ ಸುಲಿದು ಬಿದ್ದ ರಬ್ಬರಿನ ತೆಳುಪೊರೆ ಮುದುಡಿಕೊಂಡಿತ್ತು. ವಿಜಯ ಅದನ್ನೇ ದಿಟ್ಟಿಸಿದ. ತೋಟದಿಂದ ಹಾಗೇ ತಂದಿದ್ದ ಬಕೆಟಿನ ತಳದಲ್ಲಿ ಉಳಿದಿದ್ದ ರಬ್ಬರ್ ಹಾಲಿಗೆ ಬೆರಳದ್ದಿ, ಊದಿ ಒಣಗಿಸಿ ಮತ್ತೆ ನುಡಿಸಿದ. ಎಲ್ಲ ಸ್ವಚ್ಛ. ಜಾರದಂತೆ ತಂತಿ ಹಿಡಿದದ್ದೂ ಆ ಪೊರೆಯೇ, ಪಕ್ಕದ ತಂತಿಗಳ ಬಾಯಿ ಮುಚ್ಚಿಸಿದ್ದೂ ಅದೇ.

ಕಾಂತೇಶ ಹೊಟ್ಟೆ ಹಿಡಿದು ನಕ್ಕ. "ಭಾನುವಾರ ಒಂದು ಬಾಟ್ಲಿ ಹಾಲು ತಗಂಡ್ ಬಾ. ಹಚ್ಕಂಡು ನುಡ್ಸು. ಯಾರಿಗೆ ಗೊತ್ತಾಗ್ತದೆ?"

ವಿಜಯನಿಗೆ ನಗು ಬರಲಿಲ್ಲ. ಐದು ತಿಂಗಳು ನುಡಿಸಿದ್ದು ತಾನಾ, ಬೆರಳಿನ ಮೇಲಿನ ರಬ್ಬರಾ? ನಾಚಿಕೆಯಾಯಿತು, ಸಿಟ್ಟೂ ಬಂತು. "ಈ ಸಲ ಶಶಿಕಿರಣನೇ ನುಡಿಸ್ಲಿ ಅಣ್ಣ. ಗಿಟಾರ್ ಇನ್ನೊಂದು ತಿಂಗಳು ಇಲ್ಲೇ ಇರ್ಲಿ," ಎಂದುಬಿಟ್ಟ. ಹಾಗೇಕೆ ಅಂದೆನೆಂದು ಅವನಿಗೇ ಅರ್ಥವಾಗಲಿಲ್ಲ. ಕಾಂತೇಶ ಎರಡು ಸಲ ಕೇಳಿದ, ಬೈದ, ಕೊನೆಗೆ ಗಿಟಾರ್ ಬಿಟ್ಟು ಹೋದ.

ಕರೆಂಟ್ ಹೋಗಲು ಇನ್ನೂ ಇಪ್ಪತ್ತು ನಿಮಿಷವಿತ್ತು. ವಿಜಯ ಮತ್ತೆ ಕೈ ತಿಕ್ಕಿ ತೊಳೆದು ಒಳಗೆ ಹೋಗಿ ಕೂತ. ಪಕ್ಕದ ತಂತಿಗಳು ಮಿಸುಕದಂತೆ ಬಲ ಅಂಗೈಯ ಅಂಚನ್ನು ಒತ್ತಿಟ್ಟು, ಒಂದೊಂದೇ ಸ್ವರ ಬಡಿದ. ಮೂರು ಬಂದವು, ನಾಲ್ಕನೆಯದಕ್ಕೆ ಎಲ್ಲ ತಂತಿಗಳೂ ಕಿರುಚಿಕೊಂಡವು. ಮತ್ತೆ ಮೊದಲಿನಿಂದ ಬಡಿದ, ಮತ್ತೆ ಕೆಟ್ಟಿತು. ಕೊಪ್ಪದ ಸ್ಟೇಜು ನೆನಪಾದರೂ ಮತ್ತೆ ಮೊದಲ ಸ್ವರಕ್ಕೆ ಬೆರಳಿಟ್ಟ.

ಸೌದೆ ಹೊರೆ ಹೊತ್ತು ಬರುತ್ತಿದ್ದ ಭೈರಮ್ಮ ಅಂಗಳದಿಂದಲೇ ಗದರಿದಳು: "ಯಾವನಾ ಅದು ಗಿಟಾರ್ ಮುಟ್ಟಿದ್ದು? ಕೆಳಗಿಡು! ನಮ್ಮ ಹುಡುಗ ಬಂದ್ರೆ ಬೈತಾನೆ."

"ನಾನೇ ಕಣವ್ವ," ಎಂದ ವಿಜಯ.