ಬಾರ್ಬರಾ ಹಬ್ಬದ ಚೆರ್ರಿ ಕೊಂಬೆ

ಅವನು ಚೆಲುವನಂತೆ. ವಿಚಾರಣೆ ಶುರುವಾದ ದಿನ ವಿಯೆನ್ನಾದ ಪತ್ರಿಕೆಗಳೆಲ್ಲ ಹಾಗೇ ಬರೆದವು. ಅವನ ಮೀಸೆಗೆ, ಕಟಕಟೆಯಲ್ಲಿ ತೊಟ್ಟ ಕೋಟಿಗೆ ಒಂದೊಂದು ಪುಟ; ಅವನು ಡಾನ್ಯೂಬ್ ನದಿಗೆ ನೂಕಿದವರಿಗೆಲ್ಲ ಸೇರಿಸಿ ಒಂದೇ ಸಾಲು, 'ಕೆಲವು ಮನೆಗೆಲಸದ ಹುಡುಗಿಯರು' ಎಂದು. ಆ ಕೆಲವರಲ್ಲಿ ನಮ್ಮ ರೋಜಿನಾ ಒಬ್ಬಳು. ಓದಿಸಿ ಕೇಳಿದಾಗ ನನ್ನ ಮೈಯೆಲ್ಲ ಉರಿದುಹೋಯಿತು.

ನಾನು ಅಪೊಲೆನಾ, ಬೊಹೀಮಿಯಾದಿಂದ ಬಂದು ಇಲ್ಲಿನ ದೊಡ್ಡ ಅಧಿಕಾರಿಯೊಬ್ಬರ ಮನೆಯಲ್ಲಿ ಅಡುಗೆಗಿದ್ದವಳು. ರೋಜಿನಾ ಅದೇ ಮನೆಯ ಮೇಲುಗೆಲಸದವಳು. ಡಿಸೆಂಬರ್ ಮೊದಲಲ್ಲಿ ಬರುವ ಸಂತ ಬಾರ್ಬರಾ ಹಬ್ಬಕ್ಕೆ ಮದುವೆಯಾಗದ ಹೆಣ್ಣುಮಕ್ಕಳು ಚೆರ್ರಿಯ ಬೋಳು ಕೊಂಬೆ ತಂದು ನೀರಲ್ಲಿಡುತ್ತೇವೆ. ಕ್ರಿಸ್‌ಮಸ್‌ ಹೊತ್ತಿಗೆ ಹೂ ಬಿಟ್ಟರೆ ವರ್ಷದೊಳಗೆ ಮದುವೆ. ಅವಳ ಕೊಂಬೆ ವಾರ ತುಂಬುವ ಮೊದಲೇ ಅರಳಿಬಿಟ್ಟಿತು. ಅದನ್ನು ಕೊಟ್ಟವನು ರೈಲ್ವೆ ಇಂಜಿನಿಯರ್ ಟ್ರೌಟ್ನರ್.

"ನಾನು ಬಲವಂತ ಮಾಡಲ್ಲ, ಬಾರ್ಬರಾ ತಾಯಿನೇ ತೀರ್ಮಾನ ಮಾಡ್ಲಿ ಅಂದ್ರಕ್ಕ" ಎಂದು ಅವಳು ಹಿಗ್ಗಿದ್ದಳು.

ಹಿಂದಿನ ಮೆಟ್ಟಿಲಲ್ಲಿ ನಾನೂ ಅವನನ್ನು ಒಮ್ಮೆ ನೋಡಿದ್ದೆ. ಹಳದಿ ಕೈಗವಸು, ಬೆಣ್ಣೆಯಂಥ ಮಾತು. ಯಜಮಾನಿಗೆ ಹೇಳುವಂತಿರಲಿಲ್ಲ, ಹಿಂದೆ ಗಂಡಸೊಬ್ಬನಿದ್ದಾನೆಂದು ತಿಳಿದರೆ ಆಕೆ ಕೆಲಸದವಳನ್ನು ನಿಂತ ಕಾಲಲ್ಲೇ ಹೊರಹಾಕುತ್ತಿದ್ದರು. ಹಬ್ಬ ಕಳೆದ ಮೇಲೆ ರೋಜಿನಾ ತನ್ನ ಗಂಟುಮೂಟೆಯೊಂದಿಗೆ ಅದೇ ಮೆಟ್ಟಿಲಿಳಿದು ಹೋದಳು, ಮತ್ತೆ ಸುಳಿಯಲಿಲ್ಲ. ಮದುವೆಯಾಗಿ ಸುಖವಾಗಿದ್ದಾಳೆ, ನಮ್ಮನ್ನೇಕೆ ನೆನೆಯುತ್ತಾಳೆ ಎಂದು ನಾವಿದ್ದ ಹಲವು ಮಹಡಿಯ ಕಟ್ಟಡದ ಅಡುಗೆಮನೆಗಳೆಲ್ಲ ಅಂದುಕೊಂಡವು. ಕೊಂಬೆಯೇ ಹೇಳಿತ್ತಲ್ಲ.

ಮರುವರ್ಷ ಮೂರನೇ ಮಹಡಿಯ ಕೆಲಸದ ಹುಡುಗಿ ಜೆನ್ಸಿ ನನ್ನನ್ನು ಕರೆದು ತನ್ನ ಕಿಟಕಿ ತೋರಿಸಿದಳು. ನೀರು ಹೆಪ್ಪುಗಟ್ಟುವ ಆ ಕಿಟಕಿಯಲ್ಲಿ, ಹಬ್ಬ ಮುಗಿದ ವಾರದೊಳಗೆ, ಕೊಂಬೆಯ ತುಂಬ ಬಿಳಿ ಹೂ. ಬುಡಕ್ಕೆ ಕಟ್ಟಿದ್ದ ಹಸಿರು ರೇಷ್ಮೆಯ ಪಟ್ಟಿ ಕೂಡ ರೋಜಿನಾಳ ಕೊಂಬೆಯಲ್ಲಿದ್ದಂತೆಯೇ ಇತ್ತು.

"ಯಾರೇ ಕೊಟ್ಟಿದ್ದು?"

"ನಮ್ಮೋರು. ಇಂಜಿನಿಯರ್ ರೀಡ್ಲ್ ಅಂತ."

"ಹಳದಿ ಗ್ಲೌಸ್ ಹಾಕ್ತಾನಾ?"

ಅವಳು ಮುಖ ಗಂಟಿಕ್ಕಿಕೊಂಡಳು. "ನಿಂಗೆ ಹೇಗೆ ಗೊತ್ತು?"

"ಗಿಡ ಬೆಳೆಸೋ ಬೆಚ್ಚಗಿನ ಗಾಜಿನ ಮನೇಲಿ ಇಟ್ಟು ತಂದಿರೋ ಕೊಂಬೆ ಕಣೇ ಇದು. ಇಲ್ಲದಿದ್ರೆ ಇಷ್ಟು ಬೇಗ ಅರಳುತ್ತಾ? ರೋಜಿನಾಗೂ ಇಂಥದ್ದೇ ಕೊಟ್ಟಿದ್ದ. ಆಮೇಲೆ ಅವಳ ಸುದ್ದಿ ಏನಾದ್ರೂ ಬಂತಾ?"

"ನಲವತ್ತಾದ್ರೂ ನಿನ್ನ ಕೊಂಬೆ ಒಂದ್ಸಲನೂ ಅರಳ್ಲಿಲ್ಲ. ಅದಕ್ಕೇ ಹೊಟ್ಟೆಕಿಚ್ಚು" ಎಂದಳು ಜೆನ್ಸಿ. "ಭಾನುವಾರ ಅವರಮ್ಮನ್ನ ನೋಡೋಕೆ ರೈಲಲ್ಲಿ ಹೋಗ್ತಿದೀವಿ. ಬಾಯಿ ಮುಚ್ಕೊಂಡಿರು ಅಕ್ಕ, ನನ್ನ ಕೆಲಸ ಕಳೀಬೇಡ."

ಮಾತು ನಾಟಿತು. ಆದರೂ ಪೊಲೀಸ್ ಠಾಣೆಗೆ ಹೋದೆ. ಅಲ್ಲಿನ ಅಧಿಕಾರಿ ಕಾಫಿಗೆ ಬ್ರೆಡ್ ಅದ್ದಿಕೊಳ್ಳುತ್ತಾ ಎಲ್ಲ ಕೇಳಿಸಿಕೊಂಡ.

"ಈಗೇನಮ್ಮಾ, ಚೆರ್ರಿ ಮರಕ್ಕೆ ಕೈಕೋಳ ಹಾಕ್ಲಾ?"

"ರೋಜಿನಾನ ಹುಡುಕಿ, ಸಾಕು."

"ಓಡಿಹೋದ ಕೆಲಸದೋರನ್ನೆಲ್ಲ ಹುಡುಕ್ತಾ ಕೂತ್ರೆ ನಮಗೆ ಬೇರೆ ಕೆಲಸ ಇಲ್ವಾ? ಹೋಗು, ನಿನ್ನ ಸೂಪ್ ಉಕ್ಕೀತು."

ನಮ್ಮ ಯಜಮಾನರ ನಾಯಿ ಕಳೆದಾಗ ಇದೇ ಠಾಣೆಯವರು ಬೀದಿ ಬೀದಿ ಜಾಲಾಡಿದ್ದರು.

ಭಾನುವಾರ ಬಾತುಕೋಳಿಯನ್ನು ಒಲೆಯಲ್ಲೇ ಬಿಟ್ಟು ರೈಲು ನಿಲ್ದಾಣಕ್ಕೆ ಓಡಿದೆ. ಅವನು ಜೆನ್ಸಿಯ ಗಂಟನ್ನು ಕೈಯಲ್ಲಿ ಹಿಡಿದು, ರೈಲುಡಬ್ಬಿಯ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತಿದ್ದ; ಜೆನ್ಸಿ ಇನ್ನೂ ಕೆಳಗಿದ್ದಳು.

"ಟ್ರೌಟ್ನರ್ ಸಾಹೇಬ್ರೇ, ನಮ್ಮ ರೋಜಿನಾ ಹೇಗಿದಾಳೆ?"

ಆ ಹೆಸರಿಗೆ ಅವನು ತಿರುಗಿದ. ತಿರುಗಿದ್ದು ತಪ್ಪಾಯಿತೆಂದು ಅವನಿಗೂ ತಿಳಿಯಿತು. ಗಂಟಿನೊಂದಿಗೆ ಒಳಗೆ ಹಾರಿದ, ರೈಲು ಹೊರಟಿತು. ಜೆನ್ಸಿ ಎಲ್ಲರೆದುರಿಗೇ ನನ್ನ ಕೆನ್ನೆಗೆ ಬಾರಿಸಿದಳು. "ನನ್ನ ಬಾಳು ಹಾಳು ಮಾಡ್ದೆ" ಎಂದು ಅಳುತ್ತಾ ಹೋದಳು. ಹೊಡೆಯಲಿ, ಹೊಡೆಯಲು ಅವಳು ಬದುಕಿದ್ದಳಲ್ಲ. ಬೇಸಿಗೆಯಲ್ಲಿ ಅವನು ಸಿಕ್ಕಿಬಿದ್ದು, ಗಂಟಿನಾಸೆಗೆ ರೋಜಿನಾಳನ್ನೂ ಇನ್ನೂ ಮೂವರನ್ನೂ ಕೊಂದದ್ದು ಒಪ್ಪಿಕೊಂಡ. ಆಮೇಲೂ ಜೆನ್ಸಿ ನನ್ನೊಡನೆ ಮಾತಾಡಲಿಲ್ಲ.

ವಿಚಾರಣೆ ನಡೆದದ್ದು ಡಿಸೆಂಬರಿನಲ್ಲಿ. ಮೇಲಿನ ಸಾಲುಗಳಲ್ಲಿ ದೊಡ್ಡಮನೆಯ ಹೆಂಗಸರು ನಾಟಕಕ್ಕೆ ಬಂದವರಂತೆ ದುರ್ಬೀನು ಹಿಡಿದು ಕೂತಿದ್ದರು. ನಮ್ಮ ಯಜಮಾನಿಯೂ ಇದ್ದರು. ಎರಡನೇ ದಿನ ಸಾಕ್ಷಿ ಹೇಳಲು ನಿಂತ ಜೆನ್ಸಿಯನ್ನು ಅವನ ವಕೀಲ ಕೇಳಿದ:

"ಅಂದ್ರೆ, ಒಂದು ಕಡ್ಡಿ ಹೂ ಬಿಡ್ತು ಅಂತ ಗುರುತು ಪರಿಚಯ ಇಲ್ಲದೋನ ಹಿಂದೆ ಹೊರಟ್ರಿ?"

ಸಭೆಯೆಲ್ಲ ನಕ್ಕಿತು. ಜೆನ್ಸಿ ತಲೆ ತಗ್ಗಿಸಿದಳು. ನಮ್ಮ ಯಜಮಾನಿ ಕಣ್ಣೊರೆಸಿಕೊಂಡು ನಗುತ್ತಿದ್ದರು. ನನಗೆ ಕೂತಿರಲಾಗಲಿಲ್ಲ, ಎದ್ದು ನಿಂತೆ.

"ನಗಬೇಡಿ, ಅಮ್ಮಾವ್ರೇ. ನಿಮ್ಮ ಮಗಳ ಕೊಂಬೆ ಹಜಾರದಲ್ಲೇ ಇದೆ. ಬೇಗ ಅರಳ್ಲಿ ಅಂತ ಇವತ್ತು ಬೆಳಿಗ್ಗೆನೂ ನನ್ನ ಕೈಲಿ ಬಿಸಿನೀರು ಹಾಕ್ಸಿದ್ರಿ. ನಿಮ್ಮ ಮಗಳನ್ನ ಕೇಳೋಕೆ ಬಂದೋನ ಬಗ್ಗೆ ನೀವು ಹತ್ತು ಕಡೆ ವಿಚಾರಿಸ್ತೀರಿ. ರೋಜಿನಾನ, ಇಂಥೋನೊಬ್ಬ ಬರ್ತಾನೆ ಅಂತ ನಿಮಗೆ ಹೇಳೋ ಹಾಗೆ ಇಟ್ಕೊಂಡಿದ್ರಾ?"

ನ್ಯಾಯಾಧೀಶರು ಗಂಟೆ ಬಾರಿಸಿದರು. ನಗು ಆಗಲೇ ನಿಂತಿತ್ತು. ಯಜಮಾನಿಯ ಮುಖ ನೋಡಿದೆ. ನನ್ನ ಕೆಲಸ ಹೋಗಿತ್ತು.

ಜೆನ್ಸಿ ಇಳಿದು ಬಂದವಳು ನೇರ ನನ್ನ ಪಕ್ಕದಲ್ಲೇ ಕೂತಳು.

"ಅವಳ ಪೂರ್ತಿ ಹೆಸರೇನಕ್ಕ?"

ಹೇಳಿದೆ. ಅವಳು ಬಾಗಿ, ಮುಂದಿನ ಸಾಲಿನಲ್ಲಿ ಗೀಚುತ್ತಿದ್ದ ಪತ್ರಿಕೆಯವನ ಭುಜ ಮುಟ್ಟಿದಳು.

"ಬರ್ಕೊಳ್ಳಿ," ಎಂದಳು, "ರೋಜಿನಾ ಹವ್ರಾನ್ಕೋವಾ."